ತಪಾಸಣೆಗೆ ಬಂದವಳು

ದೇವೀರಮ್ಮ ಪೊಲೀಸ್ ಕೆಲಸಕ್ಕೆ ಸೇರಲು ಹೊರಟ ದಿನ ಅವಳ ಅವ್ವ ತಿಮ್ಮಮ್ಮ ವಸ್ತಾರೆಯ ಬಸ್ ಸ್ಟಾಪಿನವರೆಗೆ ಟ್ರಂಕು ಹೊತ್ತು ತಂದಳು. ಮಗಳು ಎಷ್ಟು ಕೇಳಿದರೂ ತಲೆಯಿಂದ ಇಳಿಸಲಿಲ್ಲ. ಮೂವತ್ತು ವರ್ಷ ಕಾಫಿ ಹಣ್ಣಿನ ಮೂಟೆ ಹೊತ್ತ ತಲೆ ಅದು. ಬಸ್ಸು ಬಂದಾಗ ಟ್ರಂಕನ್ನು ಒಳಗೆ ತಳ್ಳಿ, ಉಸಿರು ಬಿಟ್ಟು ಹೇಳಿದಳು.

"ಪೊಲೀಸ್ನೋರನ್ನ ನಂಬಬೇಡ ಕಣೇ."

"ಅವ್ವಾ, ಈಗ ನಾನೇ ಪೊಲೀಸು."

"ಅದ್ಕೇ ಹೇಳಿದ್ದು."

ಅದು ತೊಂಬತ್ತೊಂಬತ್ತರ ಡಿಸೆಂಬರ್. ದೇವೀರಮ್ಮನಿಗೆ ಇಪ್ಪತ್ತೆರಡು. ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದವಳು. ಆ ಲೈನಿನ ದಲಿತರ ಮಕ್ಕಳಲ್ಲಿ ಪಿಯುಸಿ ದಾಟಿದವಳು ಇವಳೊಬ್ಬಳೇ. ಪೊಲೀಸ್ ಭರ್ತಿಯ ಓಟದಲ್ಲಿ ಗೆದ್ದಿದ್ದಳು, ಉದ್ದ ಜಿಗಿತದಲ್ಲಿ ಗೆದ್ದಿದ್ದಳು, ಒಂಬತ್ತು ತಿಂಗಳು ಟ್ರೈನಿಂಗಿನಲ್ಲಿ ಮಣ್ಣು ತಿಂದಿದ್ದಳು. ಕೊನೆಗೆ ಕೈಗೆ ಬಂದದ್ದು ಹುಲ್ಲಮಕ್ಕಿ ಠಾಣೆಯ ಆರ್ಡರು. ಬಾಳೂರು ದಾಟಿ ಕಳಸದ ದಾರಿಯಲ್ಲಿರುವ ಊರು. ಮೂರು ಬಸ್ಸು ಬದಲಾಯಿಸಿ ಅಲ್ಲಿ ಇಳಿದಾಗ ಗೊತ್ತಾಯಿತು, ಆ ಠಾಣೆಗೆ ಬಂದ ಮೊದಲ ಹೆಂಗಸು ಪೊಲೀಸು ತಾನೇ ಎಂದು.

ಮೊದಲ ದಿನ ಯೂನಿಫಾರ್ಮಿನಲ್ಲೇ ಮನೆ ಹುಡುಕಿದಳು. ದಿನಸಿ ಅಂಗಡಿಯ ಓಂಕಾರಪ್ಪ ಕುರ್ಚಿ ಒರೆಸಿ ಕೂರಿಸಿದ. "ಮೇಡಂ, ಅಂಗಡಿ ಹಿಂದೆ ರೂಮಿದೆ. ಪೊಲೀಸ್ನೋರು ಇದ್ರೆ ನಮಗೂ ಧೈರ್ಯ," ಎಂದ. ಮರುದಿನ ಸೀರೆಯುಟ್ಟು ಟ್ರಂಕಿನೊಂದಿಗೆ ಹೋದಳು. ಬಾಗಿಲಲ್ಲಿ ಅವನ ಹೆಂಡತಿ ಶಾಂತಕುಮಾರಿ ನಿಂತಿದ್ದಳು.

"ನಿಮ್ ಮನೆದೇವ್ರು ಯಾವ್ದು?"

ದೇವೀರಮ್ಮ ಹೇಳಿದಳು.

"ಅಂದ್ರೆ ನೀವು ಯಾವ ಪೈಕಿ? ನೀರು ನಮ್ ಬಾವೀದೇ ಸೇದ್ಬೇಕಲ್ಲ, ಅದ್ಕೆ ಕೇಳ್ದೆ."

ದೇವೀರಮ್ಮ ಅದನ್ನೂ ಹೇಳಿದಳು. ಶಾಂತಕುಮಾರಿಯ ಮುಖ ಒಂದಿಷ್ಟೂ ಬದಲಾಗಲಿಲ್ಲ. "ಅಯ್ಯೋ, ಇವ್ರಿಗೆ ನೆನಪೇ ಇರಲ್ಲ ನೋಡಿ. ನಮ್ ಶಿಲ್ಪಾ ಬಾಣಂತನಕ್ಕೆ ಬರ್ತಾಳೆ, ರೂಮು ಬೇಕಲ್ಲ," ಎಂದು ನಕ್ಕಳು. ಓಂಕಾರಪ್ಪ ಅಂಗಡಿಯೊಳಗೆ ಸಕ್ಕರೆ ಪೊಟ್ಟಣ ಕಟ್ಟುತ್ತಲೇ ಇದ್ದ. ನಿನ್ನೆ ಕುರ್ಚಿ ಒರೆಸಿದವನು ಇವತ್ತು ತಲೆ ಎತ್ತಲಿಲ್ಲ.

ಠಾಣೆಯ ಹಿಂದೆ ಜಪ್ತಿ ಮಾಲು ಇಡುವ ಕೋಣೆಯೊಂದಿತ್ತು. ಮರಗಳ್ಳರಿಂದ ಹಿಡಿದ ಗರಗಸ, ತುಕ್ಕು ಹಿಡಿದ ನಾಡಕೋವಿ, ಭಟ್ಟಿಯ ಕೊಡ, ಯಾರದೋ ಸೈಕಲ್ಲು. ಎಲ್ಲಕ್ಕೂ ಚೀಟಿ ಕಟ್ಟಿತ್ತು. ಆ ಸಾಮಾನನ್ನು ಒಂದು ಮೂಲೆಗೆ ಸರಿಸಿ ಅವಳು ಚಾಪೆ ಹಾಸಿದಳು.

ಹೆಡ್ ಕಾನ್‌ಸ್ಟೇಬಲ್ ಶಂಕರ ಮೂರನೇ ದಿನ ಒಂದು ಹೊಸ ಸ್ಟೀಲ್ ಲೋಟ ತಂದುಕೊಟ್ಟ. "ಹೊಸಬ್ರಿಗೆ ಹೊಸ ಲೋಟ," ಎಂದ. ಉಳಿದವರೆಲ್ಲ ಟ್ರೇಯಲ್ಲಿದ್ದ ಲೋಟಗಳಲ್ಲೇ ಚಾ ಕುಡಿಯುತ್ತಿದ್ದರು. ಅದು ಮರ್ಯಾದೆಯೋ, ಬೇರೆ ಇಡುವ ಉಪಾಯವೋ? ಅವನ ಮುಖ ನೋಡಿದಳು. ಐವತ್ತು ದಾಟಿದ ಮನುಷ್ಯ. ಏನೂ ಹೇಳದ ಮುಖ. ಅವಳು ಆ ಲೋಟದಲ್ಲಿ ಕುಡಿದಳು. ಪ್ರತಿ ಗುಟುಕಿಗೂ ಅದೇ ಯೋಚನೆ.

ವಾರ ಕಳೆಯುವುದರೊಳಗೆ ಹಳೇಬೈಲು ಎಸ್ಟೇಟಿನ ಜೀಪು ಠಾಣೆಯ ಮುಂದೆ ನಿಂತಿತು. ಮಾಲೀಕರು ಪುಟ್ಟಸ್ವಾಮಿಗೌಡರು. ಠಾಣೆಯ ಕಾಂಪೌಂಡು ಕಟ್ಟಿಸಿಕೊಟ್ಟವರು ಅವರೇ. ಜೀಪಿನಿಂದ ಇಳಿದವನು ಎಸ್ಟೇಟಿನ ಲೆಕ್ಕ, ಕೂಲಿ ನೋಡಿಕೊಳ್ಳುವ ರೈಟರ್ ಪ್ರಶಾಂತ್.

"ನಿಮ್ಗೆ ಇರಕ್ಕೆ ಜಾಗ ಇಲ್ಲ ಅಂತ ಗೌಡ್ರಿಗೆ ಗೊತ್ತಾಯ್ತು. ಬಂಗ್ಲೆ ಹಿಂದೆ ಔಟ್‌ಹೌಸಿದೆ. ಕರೆಂಟು, ಬಿಸಿನೀರು, ಎಲ್ಲಾ ಇದೆ. ಬನ್ನಿ."

"ಇಲ್ಲೇ ಸರಿ ಇದೆ," ಎಂದಳು ದೇವೀರಮ್ಮ.

ಗೌಡರಿಗೆ ಹೇಳಿದ್ದು ಯಾರು? ಕೊಡುವುದು ಯಾಕೆ? ಓಂಕಾರಪ್ಪನ ಮನೆಗೆ ಬೇಡವಾದ ತಾನು ಬಂಗಲೆಗೆ ಯಾಕೆ ಬೇಕಾದೆ? ಜೀಪು ಹೋದ ಮೇಲೆ ಶಂಕರ ಮೆಲ್ಲಗೆ ಹೇಳಿದ, "ಒಲ್ಲೆ ಅಂದಿದ್ದನ್ನ ಅವ್ರು ಮರೆಯಲ್ಲ ಮಾರಾಯ್ತಿ." ಅದು ಬುದ್ಧಿಮಾತೋ ಬೆದರಿಕೆಯೋ ಎಂಬುದೂ ಅವಳಿಗೆ ತಿಳಿಯಲಿಲ್ಲ.

ಉತ್ತರ ಬೇಗ ಸಿಕ್ಕಿತು. ಎಸ್ಐ ರೇಣುಕಪ್ರಸಾದ್ ಒಂದು ಮಧ್ಯಾಹ್ನ ಅವಳನ್ನು ಕರೆದರು.

"ಹಳೇಬೈಲಲ್ಲಿ ಪಾರ್ಚ್‌ಮೆಂಟ್ ಕಳುವಾಗಿದೆ. ಸಿಪ್ಪೆ ಸುಲಿದು ಒಣಗಕ್ಕೆ ಹಾಕಿದ್ದ ಕಾಫಿಬೀಜ, ಮೂರು ಮೂಟೆ. ಕೊಯ್ಲಿನ ಹೆಂಗಸ್ರ ಮೇಲೆ ಅನುಮಾನ. ನೀನು ಸಂಜೆ ಹೋಗಿ ಕೆಲಸ ಬಿಡೋ ಹೊತ್ಗೆ ಅವ್ರನ್ನ ಚೆಕ್ ಮಾಡ್ಬೇಕು."

"ಸಾರ್, ಕೇಸ್ ಆಗಿದ್ಯಾ?"

"ಮೊದ್ಲು ಮಾಲು ಸಿಗ್ಲಿ, ಆಮೇಲೆ ಕೇಸು. ಇಷ್ಟು ವರ್ಷ ರೈಟರ್ರೇ ನೋಡ್ತಿದ್ರು. ಯೂನಿಯನ್ನೋರು ಗಲಾಟೆ ಎಬ್ಬಿಸಿದ್ರು, ಗಂಡಸ್ರು ಮುಟ್ತಾರೆ ಅಂತ. ಈಗ ನೀನಿದ್ದೀಯಲ್ಲ. ಹೆಂಗಸ್ರನ್ನ ಹೆಂಗಸೇ ಚೆಕ್ ಮಾಡ್ಬೇಕು. ಓದಿದ್ದೀಯೋ ಇಲ್ವೋ?"

ಓದಿದ್ದಳು. ಹೆಂಗಸಿನ ತಪಾಸಣೆಯನ್ನು ಹೆಂಗಸೇ ಮಾಡಬೇಕು, ಮಾನಕ್ಕೆ ಕುಂದು ಬಾರದಂತೆ ಮಾಡಬೇಕು. ಟ್ರೈನಿಂಗಿನಲ್ಲಿ ಈ ಸಾಲು ಕೇಳಿದಾಗ ಅವಳಿಗೆ ಹಿಗ್ಗಾಗಿತ್ತು. ತನ್ನಂಥವರನ್ನು ಕಾಯಲು ಯಾರೋ ಬರೆದಿಟ್ಟ ಸಾಲು ಅಂದುಕೊಂಡಿದ್ದಳು. ಈಗ ಅದೇ ಸಾಲನ್ನು ಹಿಡಿದು ಎಸ್ಐ ಅವಳನ್ನು ಜೀಪು ಹತ್ತಿಸಿದರು.

ಹಳೇಬೈಲಿನ ಕಣದಲ್ಲಿ ನಲವತ್ತೊಂದು ಹೆಂಗಸರು ಸಾಲಾಗಿ ನಿಂತಿದ್ದರು. ಬೆಳಿಗ್ಗೆ ಏಳಕ್ಕೆ ಇಬ್ಬನಿಯಲ್ಲಿ ತೋಟಕ್ಕೆ ಇಳಿದವರು. ಸೀರೆಯ ಅಂಚು ಇನ್ನೂ ಒದ್ದೆ. ಕೊರಳ ಮೇಲೆ ಕೆಂಪಿರುವೆ ಕಚ್ಚಿದ ಬೊಬ್ಬೆ. ಹಣ್ಣಿನ ಅಂಟು ಒಣಗಿ ಬೆರಳೆಲ್ಲ ಕಪ್ಪು. ತೂಕ ಮುಗಿದಿತ್ತು. ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹೊತ್ತು. ಗೌಡರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನಲ್ಲಿ ತಪಾಸಣೆ. ಸಿಪ್ಪೆ ಕೊಳೆತ ಹುಳಿ ವಾಸನೆ, ಕಾಲ ಕೆಳಗೆ ಜಾರುವ ನೆಲ. ನಾಲ್ಕು ನಾಲ್ಕು ಜನರನ್ನು ಪ್ರಶಾಂತ್ ಒಳಗೆ ಕಳಿಸಿದ. ತಾನು ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತ. ಬಾಗಿಲಿಗೆ ಚಿಲಕವಿರಲಿಲ್ಲ.

ದೇವೀರಮ್ಮ ಕೆಲಸ ಮಾಡಿದಳು. ಹೌದು, ಮಾಡಿದಳು. ಸೆರಗು ಇಳಿಸಿ ಎಂದಳು. ಇಳಿಸಿದರು. ನೆರಿಗೆ ಬಿಚ್ಚಿ ಎಂದಳು. ಬಿಚ್ಚಿದರು. ರವಿಕೆ ತಟ್ಟಿ ನೋಡಿದಳು. ತುರುಬು ಬಿಚ್ಚಿಸಿದಳು. ಮುದುಕಿಯೊಬ್ಬಳ ಕೂದಲಿಂದ ಒಂದು ಕಾಫಿ ಹಣ್ಣು ಉದುರಿ ಬಾಗಿಲವರೆಗೆ ಉರುಳಿತು. ಗಿಡದ ಕೆಳಗೆ ಬಗ್ಗಿದಾಗ ಸಿಕ್ಕಿಕೊಂಡ ಹಣ್ಣು. ಪ್ರಶಾಂತ್ ಅದನ್ನು ಎರಡು ಬೆರಳಲ್ಲಿ ಎತ್ತಿ ಗೌಡರಿಗೆ ತೋರಿಸಿದ. ಗೌಡರು ತಲೆಯಾಡಿಸಿದರು. ಮುದುಕಿ ಬಿಚ್ಚಿದ ತುರುಬನ್ನು ಮತ್ತೆ ಕಟ್ಟಿಕೊಂಡಳು.

ಕೊನೆಯ ಗುಂಪಿನಲ್ಲಿ ಗುಲಾಬಿ ಬಂದಳು. ನಲವತ್ತರ ಹೆಂಗಸು, ಗಟ್ಟಿ ಎಲುಬು. ಲೈನಿನ ಹೆಂಗಸರನ್ನು ಯೂನಿಯನ್ನಿಗೆ ಸೇರಿಸುತ್ತಿದ್ದವಳು ಇವಳೇ ಎಂದು ಎಸ್ಐ ಮೊದಲೇ ಹೇಳಿ ಕಳಿಸಿದ್ದರು. ಅವಳು ಕೈ ಎತ್ತಿ ನಿಂತು ಕೇಳಿದಳು.

"ನಿನ್ ಅವ್ವ ಏನ್ ಕೆಲಸ ಮಾಡ್ತಾಳೆ?"

"ಮಾತಾಡ್ಬೇಡಿ."

"ಅಲ್ಲ, ಇಷ್ಟು ಸಲೀಸಾಗಿ ನೆರಿಗೆ ಬಿಚ್ಚಿಸ್ತೀಯಲ್ಲ. ಬೇರೆ ಯಾರೋ ಬಿಚ್ಚಿಸಿದ್ದನ್ನ ನೋಡಿ ಕಲ್ತೋಳ ಹಾಗಿದ್ದೀಯ."

ದೇವೀರಮ್ಮನ ಕೈ ನಿಂತಿತು. ಒಂಬತ್ತು ವರ್ಷದವಳಿದ್ದಾಗ ಅವಳು ನೋಡಿದ್ದಳು. ವಸ್ತಾರೆಯ ಆ ಎಸ್ಟೇಟಿನಲ್ಲಿ ಕೈಯಿಂದ ಮುಟ್ಟಿದರೆ ಮೈಲಿಗೆ ಎಂದು ರೈಟರು ಬೆತ್ತದಿಂದ ಅವ್ವನ ಸೆರಗು ಸರಿಸಿದ್ದ. ಬೆತ್ತದ ತುದಿ ಎಲ್ಲೆಲ್ಲಿ ಹೋಯಿತೆಂಬುದನ್ನು ಅವಳು ಕಂಡಿದ್ದಳು. ಅವ್ವ ಆಗ ಗಿಡದ ಕಡೆ ನೋಡುತ್ತಿದ್ದಳು. ಮನೆಗೆ ಬಂದವಳೇ ಏನೂ ಆಗದವಳಂತೆ ಸೊಪ್ಪು ಸೋಸಿದ್ದಳು.

ಆ ಸಂಜೆ ಏನೂ ಸಿಗಲಿಲ್ಲ. "ನಾಳೆನೂ ಬನ್ನಿ," ಎಂದರು ಗೌಡರು. ಮರುದಿನ ಮತ್ತೆ ಹೋದಳು. ಮತ್ತೆ ನಲವತ್ತೊಂದು ಜನ, ಮತ್ತೆ ಅದೇ ನೆರಿಗೆ. ಈ ಸಲ ಯಾರೂ ಅವಳನ್ನು ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಬೆತ್ತವನ್ನು ಯಾರು ನೋಡುತ್ತಾರೆ?

ಗುಲಾಬಿ ಮಾತ್ರ ನೆರಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು, "ಮೂರು ಮೂಟೆ ಮಾಲನ್ನ ಮೊಲೆ ಸಂದಿಲಿ ಹೊತ್ಕಂಡು ಹೋಗಕ್ಕಾಗುತ್ತಾ ಅಂತ ಒಂದ್ಸಲ ಯೋಚ್ನೆ ಮಾಡು. ಗೌಡ್ರ ಮಗ ಅಭಿಷೇಕ್ ಭಾನುವಾರ ಜೀಪಿಗೆ ಹೇರಿಸ್ಕಂಡು ಹೋಗಿದ್ದನ್ನ ಇಡೀ ಲೈನು ನೋಡಿದೆ. ಅವ್ರಪ್ಪಂಗೂ ಗೊತ್ತು."

"ಮತ್ತೆ ಯಾಕೆ ಈ ತಪಾಸಣೆ?"

"ಯೂನಿಯನ್ ಚೀಟಿಗೆ ಹೆಬ್ಬೆಟ್ಟು ಒತ್ತಿದ್ದಕ್ಕೆ. ನೀನು ಇದನ್ನ ಹೋಗಿ ಅವ್ರಿಗೆ ಹೇಳ್ತೀಯ ಅಂತ ನಂಗೊತ್ತು. ಹೇಳು."

ದೇವೀರಮ್ಮ ಹೇಳಿದ್ದು ಶಂಕರನಿಗೆ. ಅದೂ ಅಳೆದು ಸುರಿದು. ಅವನು ಬೀಡಿ ಆರಿಸಿ ಹೇಳಿದ, "ಎಸ್ಐಗೂ ಗೊತ್ತು. ನಂಗೂ ಗೊತ್ತು. ಈಗ ನಿಂಗೂ ಗೊತ್ತಾಯ್ತು. ನಿನ್ ಪ್ರೊಬೇಷನ್ ಮುಗಿಯಕ್ಕೆ ಎರಡು ವರ್ಷ ಇದೆ."

ಮೂರನೇ ಸಂಜೆ ಗುಲಾಬಿಯನ್ನೇ ಮೊದಲು ಕಳಿಸಿದರು, ಒಬ್ಬಳನ್ನೇ. ಪ್ರಶಾಂತ್ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಲಿಲ್ಲ ಈ ಸಲ. ಪಕ್ಕಕ್ಕೆ ನಿಂತ.

ಗುಲಾಬಿಯ ನಡಿಗೆ ಬಿಗಿಯಾಗಿತ್ತು. ಮುಖ ಬಾಡಿತ್ತು. ದೇವೀರಮ್ಮನಿಗೆ ಕೂಡಲೇ ಅರ್ಥವಾಯಿತು. ತೋಟದಲ್ಲಿ ಕಕ್ಕಸಿಲ್ಲ. ಬಟ್ಟೆ ಬದಲಿಸಲು ಮರೆಯಿಲ್ಲ. ಬೆಳಿಗ್ಗೆ ಕಟ್ಟಿದ ಬಟ್ಟೆಯಲ್ಲೇ ಸಂಜೆಯವರೆಗೆ ಇಳಿಜಾರಿನಲ್ಲಿ ಹತ್ತಿ ಇಳಿಯಬೇಕು. ಅವಳ ಅವ್ವನೂ ಹಾಗೇ ಮಾಡಿದ್ದಳು. ತೊಡೆ ಉಜ್ಜಿ ಸುಲಿದುಹೋಗಿ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು.

ನೆರಿಗೆ ಸಡಿಲಿಸಿದಾಗ ಲಂಗದೊಳಗೆ ಬಟ್ಟೆಯ ಉಬ್ಬು ಕಂಡಿತು. ದೇವೀರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, "ಸೀರೆ ಸರಿ ಮಾಡ್ಕೊಳ್ಳಿ. ಹೋಗಿ," ಎಂದಳು.

"ಮೇಡಂ, ಅಲ್ಲೇನೋ ಇದೆ. ಸೊಂಟದ ಕೆಳಗೆ," ಎಂದ ಪ್ರಶಾಂತ್. ಅವನು ನೋಡುತ್ತಿದ್ದ.

"ಏನೂ ಇಲ್ಲ."

"ಗೌಡ್ರೇ, ಈವಮ್ಮ ಬಚ್ಚಿಡ್ತಿದ್ದಾಳೆ!"

ಗೌಡರು ಶೆಡ್ಡಿನ ಬಾಗಿಲಿಗೆ ಬಂದರು. "ಬಿಚ್ಚಿಸಿ ನೋಡು. ನೋಡಕ್ಕೇ ತಾನೆ ನಿನ್ನ ಕರೆಸಿದ್ದು."

"ಮುಟ್ಟಾಗಿದ್ದಾರೆ," ಎಂದಳು ದೇವೀರಮ್ಮ.

"ಹಾಗಂತ ಹೇಳೇ ಇವ್ರು ಸಾಗ್ಸೋದು. ಆ ಬಟ್ಟೆ ತೆಗೆಸು. ತೆಗೆಸಿ ಹೊರಗೆ ತೋರ್ಸು."

ಗುಲಾಬಿ ಗೋಡೆಗೆ ಒತ್ತಿ ನಿಂತಿದ್ದಳು. ಎರಡೂ ಕೈಯಲ್ಲಿ ನೆರಿಗೆ ಹಿಡಿದುಕೊಂಡಿದ್ದಳು. ಅವಳು ಗೌಡರನ್ನು ನೋಡುತ್ತಿರಲಿಲ್ಲ. ದೇವೀರಮ್ಮನ ಕೈಗಳನ್ನು ನೋಡುತ್ತಿದ್ದಳು. ಅವು ಏನು ಮಾಡುತ್ತವೋ ಎಂದು.

"ಇಲ್ಲ," ಎಂದಳು ದೇವೀರಮ್ಮ.

"ಏನಂದೆ?"

"ನೋಡಲ್ಲ. ಇವ್ರನ್ನೂ ನೋಡಲ್ಲ, ಇನ್ಯಾರನ್ನೂ ನೋಡಲ್ಲ. ದೂರು ಎಲ್ಲಿದೆ? ಕೇಸ್ ನಂಬರ್ ಹೇಳಿ. ಇಲ್ಲದೆ ಇದ್ರೆ ನಾನು ಮಾಡ್ತಿರೋದೂ ಅಪರಾಧ, ನೀವು ಮಾಡ್ಸಿರೋದೂ ಅಪರಾಧ."

"ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?"

"ಗೊತ್ತು. ಬಾಗ್ಲು ಬಿಡಿ."

ಗೌಡರು ಬಿಡಲಿಲ್ಲ. "ಖಾಕಿ ಹಾಕ್ದ ತಕ್ಷಣ ಹುಟ್ಟು ಬದ್ಲಾಗಲ್ಲ. ಲೈನಿಂದ ಬಂದೋಳು ಲೈನಿಗೇ ಸೇರ್ತೀಯ."

"ಸೇರ್ತೀನಿ. ಈಗ ಸರೀರಿ ಪಕ್ಕಕ್ಕೆ."

ದೇವೀರಮ್ಮ ಮುಂದೆ ನಡೆದಳು. ಮೈಗೆ ಮೈ ತಾಗುತ್ತದೆ ಎನ್ನುವಾಗ ಗೌಡರೇ ಸರಿದರು. ಮೈಲಿಗೆಗೆ ಹೆದರಿ ಸರಿದರೋ, ಯೂನಿಫಾರ್ಮಿಗೆ ಹೆದರಿ ಸರಿದರೋ, ಯಾರಿಗೆ ಗೊತ್ತು? ಹಿಂದೆಯೇ ಗುಲಾಬಿ ಹೊರಗೆ ಬಂದಳು. ಕಣದಲ್ಲಿದ್ದ ನಲವತ್ತು ಹೆಂಗಸರೂ ಗೋಣಿ, ಬುಟ್ಟಿ ಎತ್ತಿಕೊಂಡು ಲೈನಿನ ಕಡೆ ನಡೆದರು. ಯಾರೂ ದೇವೀರಮ್ಮನಿಗೆ ಕೈ ಮುಗಿಯಲಿಲ್ಲ. ಜೀಪು ಅವಳನ್ನು ಬಿಟ್ಟು ಹೋಯಿತು. ನಾಲ್ಕು ಮೈಲಿ ನಡೆದು ಠಾಣೆ ಸೇರಿದಳು.

ಅವಳಿಗಿಂತ ಮೊದಲೇ ಫೋನು ಬಂದಿತ್ತು. ರೇಣುಕಪ್ರಸಾದ್ ನಿಂತೇ ಬೈದರು. ಬೈದು ಮುಗಿದ ಮೇಲೆ ಬಿಳಿ ಹಾಳೆಯೊಂದನ್ನು ತಳ್ಳಿದರು.

"ಬರಿ. ಮೇಲಧಿಕಾರಿಯ ಆಜ್ಞೆ ಮೀರಿದ್ದೇನೆ, ಕ್ಷಮಿಸ್ಬೇಕು ಅಂತ. ಆಮೇಲೆ ಗೌಡ್ರ ಮನೆಗೆ ಹೋಗಿ ಒಂದು ಮಾತು ಹೇಳಿ ಬಾ. ಇಲ್ಲದಿದ್ರೆ ಪ್ರೊಬೇಷನ್‌ನಲ್ಲೇ ಮನೆಗೆ ಹೋಗ್ತೀಯ."

ಅವರು ಊಟಕ್ಕೆ ಹೋದರು. ಮೇಜಿನ ಮೇಲೆ ಠಾಣಾ ದಿನಚರಿ ಇತ್ತು. ಯಾರು ಎಲ್ಲಿಗೆ ಹೋದರು, ಏನು ಮಾಡಿದರು ಎಂದು ಗಂಟೆಗಂಟೆಗೂ ಬರೆಯುವ ದಪ್ಪ ಪುಸ್ತಕ. ಪುಟಕ್ಕೆ ಪುಟ ಅಂಕಿ ಒತ್ತಿರುತ್ತದೆ, ಹರಿದರೆ ಗೊತ್ತಾಗುತ್ತದೆ. ಕಳೆದ ಮೂರು ದಿನದ ಪುಟಗಳಲ್ಲಿ ಹಳೇಬೈಲಿನ ಹೆಸರೇ ಇರಲಿಲ್ಲ. ದೇವೀರಮ್ಮ ಮೂರು ಸಂಜೆಯೂ ಠಾಣೆಯಲ್ಲೇ ಇದ್ದಳೆಂದು ಬರೆದಿತ್ತು.

ಪುಸ್ತಕದ ಉಸ್ತುವಾರಿ ಶಂಕರನದು. ಅವನು ಅವಳನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದ. ಪೆನ್ನಿನ ಕ್ಯಾಪು ಹಾಕದೆ ಮೇಜಿನ ಮೇಲಿಟ್ಟ. "ಚಾ ಕುಡ್ದು ಬರ್ತೀನಿ. ಅರ್ಧ ಗಂಟೆ ಆಗುತ್ತೆ," ಎಂದು ಹೊರಟ.

ಅವಳಿಗೆ ಅನುಮಾನ. ಅವನೇ ಎಸ್ಐ ಮನೆಗೆ ಹೋಗಿ ಕರೆತರುತ್ತಾನೆಯೇ? ಪುಸ್ತಕ ತಿದ್ದುವಾಗ ಸಿಕ್ಕಿಬಿದ್ದಳು ಎನ್ನಿಸುವ ಸಂಚೇ? ಕಿಟಕಿಯಿಂದ ನೋಡಿದಳು. ಅವನು ಚಾದಂಗಡಿಯ ಬೆಂಚಿನ ಮೇಲೆ ಠಾಣೆಗೆ ಬೆನ್ನು ಹಾಕಿ ಕೂತಿದ್ದ. ಸಂಚಾದರೂ ಸರಿ ಎಂದು ಅವಳು ಕೂತಳು. ಬರೆದಳು. ಯಾವ ದಿನ, ಎಷ್ಟು ಗಂಟೆಗೆ, ಯಾರ ಬಾಯಿಮಾತಿನ ಆಜ್ಞೆಯಂತೆ, ಯಾರ ಜೀಪಿನಲ್ಲಿ. ದೂರಿಲ್ಲ, ಕೇಸಿಲ್ಲ. ನಲವತ್ತೊಂದು ಹೆಂಗಸರ ಬಟ್ಟೆ ಬಿಚ್ಚಿಸಿ ನೋಡಲಾಗಿದೆ. ಇಲ್ಲಿ ಪೆನ್ನು ತಡೆಯಿತು. 'ನೋಡಲಾಗಿದೆ' ಎಂಬುದನ್ನು ಹೊಡೆದುಹಾಕಿ 'ನಾನು ನೋಡಿದ್ದೇನೆ' ಎಂದು ಬರೆದಳು. ಕೆಳಗೆ ಸಹಿ ಹಾಕಿದಳು. ಅದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಮರುದಿನ ಬೆಳಿಗ್ಗೆ ಜಿಲ್ಲಾ ಪೊಲೀಸ್ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದಳು.

ಹದಿನೈದು ದಿನದಲ್ಲಿ ಅವಳ ಮೇಲೆ ಆರೋಪಪಟ್ಟಿ ಬಂತು. ಅಪ್ಪಣೆಯಿಲ್ಲದೆ ಠಾಣೆ ಬಿಟ್ಟು ಹೋದದ್ದು, ದಿನಚರಿಯಲ್ಲಿ ಅನಧಿಕೃತ ಬರಹ, ಗಣ್ಯರೊಂದಿಗೆ ದುರ್ವರ್ತನೆ. ಚಿಕ್ಕಮಗಳೂರಿಗೆ ವರ್ಗ. ಅಲ್ಲಿ ಮೂರು ತಿಂಗಳು ಅವಳಿಗೆ ಕೊಟ್ಟ ಡ್ಯೂಟಿ ಅಧಿಕಾರಿಗಳ ಮೆಸ್ಸಿನಲ್ಲಿ ತರಕಾರಿ ಹೆಚ್ಚುವುದು. ಹೆಚ್ಚಿದಳು. ಇತ್ತ ಹಳೇಬೈಲಿನಲ್ಲಿ ತಪಾಸಣೆ ನಿಂತಿತ್ತು. ಪತ್ರ ಜಿಲ್ಲಾ ಕಚೇರಿ ಮುಟ್ಟಿದ ಮೇಲೆ ಗೌಡರು ಹುಷಾರಾಗಿದ್ದರು.

ಏಪ್ರಿಲಿನಲ್ಲಿ ಇಲಾಖಾ ವಿಚಾರಣೆ. ಮೂಡಿಗೆರೆಯ ಸರ್ಕಾರಿ ಕಟ್ಟಡವೊಂದರ ಕೋಣೆ. ವಿಚಾರಣಾಧಿಕಾರಿ ಹೊರ ಜಿಲ್ಲೆಯವರು, ಪಕ್ಕದಲ್ಲಿ ಬರೆಯುವ ಗುಮಾಸ್ತ. ಪ್ರಶಾಂತ್ ಹೇಳಿಕೆ ಕೊಟ್ಟ. ತಪಾಸಣೆಯೇ ನಡೆದಿಲ್ಲ, ಈವಮ್ಮ ತಾನಾಗಿ ಬಂದು ಜಗಳ ತೆಗೆದಳು ಎಂದ. ರೇಣುಕಪ್ರಸಾದ್ ಕೂಡ ಅದನ್ನೇ ಹೇಳಿದರು. ಶಂಕರ ಬಂದ. "ನಾನು ಚಾ ಕುಡಿಯಕ್ಕೆ ಹೋಗಿದ್ದೆ ಸಾರ್, ನಂಗೇನೂ ಗೊತ್ತಿಲ್ಲ," ಎಂದು ಹೇಳಿ ಹೋದ. ಹೋಗುವಾಗಲೂ ಅವಳ ಮುಖ ನೋಡಲಿಲ್ಲ.

"ನಿಮ್ಮ ಪರ ಸಾಕ್ಷಿ ಯಾರಾದ್ರೂ ಇದ್ದಾರಾ?" ಎಂದರು ಅಧಿಕಾರಿ.

ಲೈನಿಗೆ ಪತ್ರ ಹಾಕಿದ್ದಳು. ಉತ್ತರ ಬಂದಿರಲಿಲ್ಲ. ಅವರು ಯಾಕೆ ಬರುತ್ತಾರೆ? ತಾನಾಗಿದ್ದರೆ ಬರುತ್ತಿದ್ದೆನೆ? "ಇಲ್ಲ ಸಾರ್," ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಜವಾನನ ಜೊತೆ ಯಾರೋ ಜೋರು ಮಾಡುವುದು ಕೇಳಿಸಿತು. ಬಾಗಿಲು ತಳ್ಳಿಕೊಂಡು ಗುಲಾಬಿ ಒಳಗೆ ಬಂದಳು. ಹೊರಗೆ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು.

ಅಧಿಕಾರಿ ಹೆಸರು, ಊರು ಬರೆಸಿಕೊಂಡರು. ಗುಲಾಬಿ ನಿಂತೇ ಹೇಳಿದಳು.

"ತಪಾಸಣೆ ಆಗಿದ್ದು ನಿಜ. ಮೂರು ದಿನ ಆಗಿದ್ದು ನಿಜ. ಎರಡು ದಿನ ನಮ್ ಸೀರೆ ಬಿಚ್ಚಿಸಿದ್ದು ಇವಳೇ. ಇದನ್ನ ಮೊದ್ಲು ಬರ್ಕೊಳ್ಳಿ. ಮೂರನೇ ದಿನ ನಂದು ಬಿಚ್ಚಿಸು ಅಂತ ಗೌಡ್ರು ಹೇಳಿದ್ರು, ಇವಳು ಆಗಲ್ಲ ಅಂದ್ಳು. ಅದನ್ನೂ ಬರ್ಕೊಳ್ಳಿ. ಒಂದು ಬರ್ದು ಒಂದು ಬಿಡಬೇಡಿ."

ಅಧಿಕಾರಿ ದೇವೀರಮ್ಮನ ಕಡೆ ತಿರುಗಿದರು. "ಈ ಸಾಕ್ಷಿ ನಿಮಗೇ ಪೆಟ್ಟು ಕೊಡುತ್ತಲ್ಲಮ್ಮ. ಹೀಗೇ ದಾಖಲು ಮಾಡ್ಲಾ?"

"ಮಾಡಿ ಸಾರ್. ಅವ್ರು ಹೇಳಿದ್ದೆಲ್ಲ ನಿಜ."

"ಏನಾದ್ರೂ ಕೇಳೋದಿದ್ಯಾ ಅವರನ್ನ?"

ಗುಮಾಸ್ತನ ಮುಂದಿದ್ದ ಆರೋಪಪಟ್ಟಿಯನ್ನು ದೇವೀರಮ್ಮ ನೋಡಿದಳು. ಗೌಡರ ಹೆಸರಿಗೆ ಶ್ರೀಯುತ ಇತ್ತು, ರೈಟರನ ಹೆಸರಿಗೆ ತಂದೆಯ ಹೆಸರಿತ್ತು. ಉಳಿದದ್ದು 'ಕೆಲವು ಕೂಲಿ ಹೆಂಗಸರು'.

"ಒಂದಿದೆ ಸಾರ್," ಎಂದಳು. ಗುಲಾಬಿಯ ಕಡೆ ತಿರುಗಿದಳು. "ಆ ಶೆಡ್ಡಿಗೆ ಹೋದ ನಲವತ್ತೊಂದು ಜನರ ಹೆಸರು ಹೇಳಿ."

ಗುಲಾಬಿಯ ಕಣ್ಣು ಕಿರಿದಾಯಿತು. "ಯಾಕೆ? ನಾಳೆ ಅವ್ರ ಮನೆಗೂ ಪೊಲೀಸು ಕಳ್ಸಕ್ಕಾ?"

"ಬರೋದಾದ್ರೆ ಈಗ್ಲೂ ಬರ್ತಾರೆ," ಎಂದಳು ದೇವೀರಮ್ಮ. "ಹೆಸರಿಲ್ಲದಿದ್ರೆ ಇದು ಯಾರಿಗೂ ಆಗ್ಲಿಲ್ಲ ಅಂತ ಬರೀತಾರೆ."

ಗುಲಾಬಿ ನಂಬಿದಂತೆ ಕಾಣಲಿಲ್ಲ. ಹೊರಗೆ ಹೋದಳು. ಮರದ ಕೆಳಗೆ ಕೂತವರ ಜೊತೆ ಮಾತಾಡಿದಳು. ಅಲ್ಲಿ ತಲೆಗಳು ಅಲ್ಲಾಡಿದವು, ಇಬ್ಬರು ಎದ್ದು ದೂರ ಹೋಗಿ ಮತ್ತೆ ಬಂದು ಕೂತರು. ಅಧಿಕಾರಿ ಗಡಿಯಾರ ನೋಡಿದರು. ಗುಮಾಸ್ತ ಆಕಳಿಸಿದ.

ಗುಲಾಬಿ ವಾಪಸು ಬಂದು ಗುಮಾಸ್ತನ ಮೇಜಿನ ಮುಂದೆ ನಿಂತಳು.

"ಬರ್ಕೊಳ್ಳಿ," ಎಂದಳು. "ಚೆನ್ನಮ್ಮ. ಗಂಡನ ಹೆಸ್ರು ಬೇಡ, ಅವಳದ್ದೇ ಸಾಕು. ಚೆನ್ನಮ್ಮ. ಆಮೇಲೆ ಲಚ್ಚಮ್ಮ. ಸಣ್ಣ ಲಚ್ಚಮ್ಮ ಅಂತ ಇನ್ನೊಬ್ಳಿದ್ದಾಳೆ, ಬೇರೆ ಬರೀರಿ..."

ಗುಮಾಸ್ತ ಹೊಸ ಹಾಳೆ ಎಳೆದುಕೊಂಡ.